ಗಂಟನ್ನು ಗಾಜಿಗಿಳಿಸುವ ಆದಿಲಕ್ಷ್ಮಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸೂರಿನ ಬಾಗಲೂರು ರಸ್ತೆಯಲ್ಲಿ ಕಾರ್ಖಾನೆಯ ಬಸ್ಸುಗಳು ಮೊದಲ ಪಾಳಿಯವರನ್ನು ಹತ್ತಿಸಿಕೊಳ್ಳುತ್ತಿವೆ. ಆ ಕಡೆಗಿರುವ ಟ್ರಸ್ಟ್ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಆದಿಲಕ್ಷ್ಮಿ ದೀಪ ಹಾಕುತ್ತಾರೆ. ಬ್ಯಾಗು ಇಡುವ ಮೊದಲು ಕಿಟಕಿ ತೆರೆಯುತ್ತಾರೆ. ರಾತ್ರಿಯಿಡೀ ಮುಚ್ಚಿದ್ದ ಕೋಣೆಯ ರಾಸಾಯನಿಕದ ಘಾಟು ಹೊಸಬರ ಕಣ್ಣಲ್ಲಿ ನೀರು ತರಿಸುತ್ತದೆ. ಆದಿಲಕ್ಷ್ಮಿಗೆ ಏನೂ ಅನ್ನಿಸುವುದಿಲ್ಲ.

"ನನ್ನ ಮೂಗು ಯಾವತ್ತೋ ಸತ್ತೋಯ್ತು ಕಣಮ್ಮ. ಮನೇಲಿ ಸಾರು ಸೀದ್ರೂ ನಮ್ಮತ್ತೇನೇ ಹೇಳ್ಬೇಕು," ಎಂದು ಬರೆಯಲು ಬಂದ ನನಗೆ ಹೇಳುತ್ತಾ ಅವರು ಮೂಲೆಯ ಯಂತ್ರದ ಮುಚ್ಚಳ ಎತ್ತುತ್ತಾರೆ. ಒಳಗೆ ಕರಗಿದ ಮೇಣದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಡಬ್ಬಿಗಳು ಮುಳುಗಿವೆ. ಒಂದೊಂದರಲ್ಲೂ ಒಬ್ಬೊಬ್ಬರ ದೇಹದ ತುಣುಕು. ಯಾರದೋ ಸ್ತನದ ಗಂಟು, ಯಾರದೋ ಗರ್ಭಕೋಶದ ಚೂರು, ಎಲೆಅಡಿಕೆ ಜಗಿದು ಹುಣ್ಣಾದ ಯಾರದೋ ಕೆನ್ನೆಯ ಒಳಭಾಗ. ಅವುಗಳಲ್ಲಿದ್ದ ನೀರನ್ನೆಲ್ಲ ತೆಗೆದು, ಆ ಜಾಗದಲ್ಲಿ ಮೇಣ ತುಂಬುವ ಕೆಲಸವನ್ನು ಯಂತ್ರ ರಾತ್ರಿ ಮುಗಿಸಿರುತ್ತದೆ. ಮುಂದಿನದೆಲ್ಲ ಆದಿಲಕ್ಷ್ಮಿಯವರ ಕೈಯದು.

ಒಂದೊಂದೇ ತುಣುಕನ್ನು ಇಕ್ಕಳದಲ್ಲಿ ಎತ್ತಿ, ಅಚ್ಚಿನೊಳಗೆ ಸರಿಯಾದ ಮಗ್ಗುಲಿಗೆ ಕೂರಿಸಿ, ಮೇಲೆ ಮೇಣ ಸುರಿದು ತಣ್ಣಗಾಗಲು ಬಿಡುತ್ತಾರೆ. ಗಟ್ಟಿಯಾದ ಬಿಲ್ಲೆಯನ್ನು ಐಸಿನ ಮೇಲಿಟ್ಟು, ಆಮೇಲೆ ಕೊಯ್ಯುವ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಬಲಗೈ ಚಕ್ರದ ಹಿಡಿಯ ಮೇಲೆ, ಎಡಗೈಯಲ್ಲಿ ಸಣ್ಣ ಕುಂಚ. ಚಕ್ರ ಒಂದು ಸುತ್ತು ತಿರುಗಿದರೆ ಬ್ಲೇಡಿನ ಅಂಚಿನಿಂದ ಒಂದು ಪದರ ಇಳಿಯುತ್ತದೆ. ತಲೆಗೂದಲನ್ನು ಉದ್ದಕ್ಕೆ ಹದಿನೈದು ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟು ತೆಳು. ಪದರದ ಹಿಂದೆ ಪದರ ಅಂಟಿಕೊಂಡು ರಿಬ್ಬನ್ನಿನಂತೆ ಬರುತ್ತದೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಕೆಳಗಿನಿಂದ ಗಾಜಿನ ಪಟ್ಟಿ ತೂರಿಸಿ ಎತ್ತಿಕೊಳ್ಳುತ್ತಾರೆ. ಆಗ ಉಸಿರು ಬಿಡುವುದಿಲ್ಲ. ಬಿಟ್ಟರೆ ಪದರ ಹಾರಿಹೋಗುತ್ತದೆ.

ಆ ಗಾಜಿಗೆ ನೀಲಿ, ಗುಲಾಬಿ ಬಣ್ಣ ಹಾಕಿ ಕೊಟ್ಟಮೇಲೆ ಪಕ್ಕದ ಕೋಣೆಯಲ್ಲಿ ಡಾಕ್ಟರ್ ಪದ್ಮಶ್ರೀ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಜಾತಿ, ಎಷ್ಟು ದೂರ ಹರಡಿದೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ವರದಿಯ ಕೆಳಗೆ ಡಾಕ್ಟರ ಸಹಿ ಇರುತ್ತದೆ. ಆದಿಲಕ್ಷ್ಮಿಯ ಹೆಸರು ಎಲ್ಲಿಯೂ ಇರುವುದಿಲ್ಲ.

"ಅದರಲ್ಲಿ ಏನೈತೆ ಅಂತ ನಾನು ನೋಡಕ್ಕೋಗಲ್ಲ. ಅದು ಓದಿದೋರ ಕೆಲಸ. ಸುಕ್ಕಿಲ್ದಂಗೆ ಕುಂತೈತಾ, ಹರಿದೈತಾ, ಬಣ್ಣ ಸಮ ಹಿಡಿದೈತಾ, ನಂಗೆ ಅಷ್ಟೇ," ಎನ್ನುತ್ತಾರೆ ಅವರು.

ಡಾಕ್ಟರ್ ಪದ್ಮಶ್ರೀ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತಾರೆ. "ಗಾಜಲ್ಲಿ ಒಂದು ಮಡಿಕೆ ಇದ್ದರೆ ಅದರ ಕೆಳಗೆ ಏನಿದೆಯೋ ನನಗೆ ಕಾಣಲ್ಲ. ಕಾಣದ್ದನ್ನು ನಾನು ಬರೆಯೋಕಾಗಲ್ಲ. ನಾನು ಎಷ್ಟು ಓದಿದ್ದರೂ ಅಷ್ಟೇ."

ಆದಿಲಕ್ಷ್ಮಿ ಹುಟ್ಟಿದ್ದು ತಳಿ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಅಪ್ಪ ಕೋಸು, ರಾಗಿ ಬೆಳೆಯುತ್ತಿದ್ದರು. ಹನ್ನೆರಡನೇ ತರಗತಿ ಆದಮೇಲೆ ಕೃಷ್ಣಗಿರಿಯಲ್ಲಿ ಲ್ಯಾಬ್ ತರಬೇತಿ ಮುಗಿಸಿ ಈ ಆಸ್ಪತ್ರೆಗೆ ಬಂದಾಗ ಅವರಿಗೆ ಸಿಕ್ಕಿದ್ದು ರಕ್ತ, ಮೂತ್ರ ಪರೀಕ್ಷೆಯ ಕೆಲಸ. ಜನ ಬರುತ್ತಿದ್ದರು, ಮಾತಾಡಿಸುತ್ತಿದ್ದರು. ಎರಡು ವರ್ಷದ ಮೇಲೆ ಹಿಂದಿನ ಕೋಣೆಗೆ ಹಾಕಿದರು. ವಾಸನೆಗೆ ಹೆದರಿ ಬೇರೆ ಯಾರೂ ಒಪ್ಪಿರಲಿಲ್ಲ. ಅಲ್ಲಿದ್ದ ಅಂಜನಪ್ಪ ಎಂಬ ಹಿರಿಯ ತಂತ್ರಜ್ಞರು ಕೈಹಿಡಿದು ಕೊಯ್ಯುವುದನ್ನು ಕಲಿಸಿ, ಸ್ವಲ್ಪ ಕಾಲಕ್ಕೇ ನಿವೃತ್ತರಾದರು. ಅವತ್ತಿನಿಂದ ಈ ಕೋಣೆ ಆದಿಲಕ್ಷ್ಮಿಯದೇ. ಇಪ್ಪತ್ತು ವರ್ಷದ ಮೇಲಾಯಿತು.

ಹೊಸಬರು ಬರುತ್ತಾರೆ. ಕೈ ಕುದುರುವ ಹೊತ್ತಿಗೆ ಬೆಂಗಳೂರಿನ ದೊಡ್ಡ ಲ್ಯಾಬುಗಳಿಗೆ ಹೋಗುತ್ತಾರೆ. ಸದ್ಯಕ್ಕೆ ಅವರೊಬ್ಬರೇ. ದಿನಕ್ಕೆ ಮೂವತ್ತು, ನಲವತ್ತು ಬಿಲ್ಲೆ ಕೊಯ್ಯುತ್ತಾರೆ. ಸೋಮವಾರ ಅದು ಅರವತ್ತಕ್ಕೂ ಏರುತ್ತದೆ. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಪದರ ಮುದುಡುತ್ತದೆ. ಮಾರ್ಗಶಿರದ ಚಳಿಗೆ ಸುರುಳಿ ಸುತ್ತಿಕೊಂಡು ಒಡೆಯುತ್ತದೆ. ಬಲ ಭುಜ ಎತ್ತಿದರೆ ನೋಯುತ್ತದೆ. ಬೆರಳ ತುದಿಗಳು ಸೀಳುಬಿಟ್ಟಿವೆ. ಕಾಲಿನಿಂದ ಕುತ್ತಿಗೆಯವರೆಗೆ ಒಂದೇ ಸಮ ನೋವು ಹತ್ತುವ ಹೊತ್ತು ಯಾವುದೆಂದು ಕೇಳಿದರೆ ಅವರು ಗೋಡೆಯ ಗಡಿಯಾರ ನೋಡುತ್ತಾರೆ. ಮಧ್ಯಾಹ್ನ ಇನ್ನೂ ದೂರವಿದೆ, ನೋವು ಆಗಲೇ ಹತ್ತಿದೆ.

"ಬೇಜಾರು ಆಗತ್ತಾ ಅಂತ ಕೇಳ್ತೀರ. ಆಗತ್ತೆ. ಇಷ್ಟು ಕೊಯ್ದೆ, ಒಬ್ಬರ ಮುಖಾನೂ ನಾನು ಕಂಡಿಲ್ಲ. ಹೆಸರು ಓದ್ತೀನಿ, ವಯಸ್ಸು ಓದ್ತೀನಿ, ಊರು ಓದ್ತೀನಿ. ಆಮೇಲೆ ಅವರೇನಾದ್ರೋ," ಎನ್ನುತ್ತಾ ಅವರು ಮುಂದಿನ ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸುತ್ತಾರೆ. ಚಕ್ರ ತಿರುಗಿಸುವ ಮೊದಲು, "ಒಬ್ರನ್ನ ಕಂಡೆ," ಎನ್ನುತ್ತಾರೆ.

ಆ ಒಬ್ಬರು ಚೆಲುವಮ್ಮ. ಅಂಚೆಟ್ಟಿ ದಾಟಿ ಕಾಡಿನ ನಡುವೆ ಹೋದರೆ ಸಿಗುವ ನಾಟ್ರಾಂಪಾಳ್ಯದವರು. ನಲವತ್ತೈದರ ಆಸುಪಾಸಿನ ಹೆಂಗಸು. ಎಡಗಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಅವರಿಗೊಂದು ಗಂಟಿತ್ತು. ಮೊದಲು ಕಂಡಾಗ ಅವರೆಕಾಳಿನಷ್ಟು. ಊರಿನವರು ಮಂಗನಬಾವು ಎಂದರು. ಅದಕ್ಕೆ ಅಲ್ಲಿಯವರು ತಮಿಳಿನಲ್ಲಿ "ಪೊನ್ನುಕ್ಕು ವೀಂಗಿ" ಎನ್ನುತ್ತಾರೆ, ಬಂಗಾರ ಬೇಡುವ ಬಾವು ಎಂಬಂಥ ಅರ್ಥದಲ್ಲಿ. ಕೊರಳಿಗೆ ಚಿನ್ನದ ಸರ ಹಾಕಿದರೆ ಇಳಿಯುತ್ತದೆಂಬ ನಂಬಿಕೆ. ಚೆಲುವಮ್ಮ ಅತ್ತಿಗೆಯ ಸರ ಇಸಿದುಕೊಂಡು ಹಾಕಿಕೊಂಡರು. ಗಂಟು ಇಳಿಯಲಿಲ್ಲ, ನೋಯಲೂ ಇಲ್ಲ. ಸರ ವಾಪಸು ಹೋಯಿತು. ಗಂಟು ಹಾಗೆಯೇ ವರ್ಷಗಟ್ಟಲೆ ಇತ್ತು. ಸೆರಗು ಹೊದ್ದರೆ ಕಾಣುತ್ತಿರಲಿಲ್ಲ.

ಹೋದ ವರ್ಷಕ್ಕೆ ಹಿಂದಿನ ವರ್ಷ ಅದು ಬೇಗ ಬೇಗ ಬೆಳೆಯತೊಡಗಿತು. ಕೆನ್ನೆ ಜುಮ್ಮೆನ್ನುತ್ತಿತ್ತು. ರಾತ್ರಿ ಕಿವಿಯೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಗಂಡ ಮರಿಸ್ವಾಮಿ ಹೊಸೂರಿಗೆ ಕರೆದುಕೊಂಡು ಬಂದರು.

ಬಾಯಿಗೆ ಜೊಲ್ಲು ಒದಗಿಸುವ ಗ್ರಂಥಿಗಳಲ್ಲಿ ದೊಡ್ಡದು ಇರುವುದೇ ಅಲ್ಲಿ, ಕಿವಿಯ ಕೆಳಗೆ. ಮುಖವನ್ನು ಆಡಿಸುವ ನರ ಅದರ ನಡುವೆಯೇ ಹಾದುಹೋಗುತ್ತದೆ. ಸೂಜಿಯಿಂದ ಗಂಟಿನ ಜೀವಕೋಶ ಎಳೆದು ನೋಡಿದಾಗ ತೊಂದರೆಯಿಲ್ಲದ ಸಾಮಾನ್ಯ ಗಂಟಿನಂತೆ ಕಂಡಿತು. ಸೂಜಿ ಮುಟ್ಟಿದ ಜಾಗವನ್ನಷ್ಟೇ ಹೇಳುತ್ತದೆ, ಇಷ್ಟು ಬೇಗ ಬೆಳೆದದ್ದನ್ನು ತೆಗೆದೇ ನೋಡಬೇಕು ಎಂದು ಡಾಕ್ಟರ್ ಪದ್ಮಶ್ರೀ ಬರೆದರು. ಶಸ್ತ್ರಚಿಕಿತ್ಸೆ ಆಯಿತು. ಮುಖದ ನರ ಉಳಿಸಿ ಗಂಟು ತೆಗೆದ ಸರ್ಜನ್, ಒಂದು ಕಡೆ ಅದು ನರದ ಬಳಿ ಕಚ್ಚಿಕೊಂಡಿತ್ತು ಎಂದು ಆ ಜಾಗಕ್ಕೆ ಕಪ್ಪು ದಾರದ ಗುರುತು ಕಟ್ಟಿ ಕಳಿಸಿದರು.

ಗಂಟಿನ ಬೇರೆ ಬೇರೆ ಕಡೆಯಿಂದ ತೆಗೆದ ತುಣುಕುಗಳನ್ನು ಆದಿಲಕ್ಷ್ಮಿ ಎಂದಿನಂತೆ ಕೊಯ್ದು ಕೊಟ್ಟರು. ಬಹುಪಾಲು ಗಾಜುಗಳಲ್ಲಿ ಸಾಮಾನ್ಯ ಗಂಟೇ ಇತ್ತು. ದಾರ ಕಟ್ಟಿದ್ದ ಕಡೆಯ ಗಾಜಿನ ಮೂಲೆಯಲ್ಲಿ ಮಾತ್ರ ಡಾಕ್ಟರಿಗೆ ಜರಡಿಯಂಥ ತೂತುಗಳು ಕಂಡವು.

"ಆ ಜರಡಿ ನೋಡಿದ ಕೂಡಲೇ ಕ್ಯಾನ್ಸರ್ ಅನ್ನೋಕಾಗಲ್ಲ," ಎಂದು ಡಾಕ್ಟರ್ ವಿವರಿಸುತ್ತಾರೆ. "ಜೊಲ್ಲುಗ್ರಂಥಿಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಒಂದು ಇನ್ನೊಂದರ ವೇಷ ಹಾಕುತ್ತೆ. ಒಳ್ಳೆಯ ಗಂಟಲ್ಲೂ ಅಲ್ಲಲ್ಲಿ ಜರಡಿ ಕಾಣಬಹುದು. ಅದು ತನ್ನ ಬೇಲಿಯೊಳಗೇ ಇದೆಯಾ, ದಾಟಿ ನರಕ್ಕೆ ಹೋಗಿದೆಯಾ, ನಾನು ಅದನ್ನು ನೋಡಬೇಕಿತ್ತು. ಆ ಗಾಜಲ್ಲಿ ನರ ಇರಲೇ ಇಲ್ಲ. ಬಿಲ್ಲೆಯಲ್ಲಿ ಇನ್ನೂ ಒಳಗೆ ಇರಬೇಕು ಅನ್ನಿಸಿತು."

ಮೇಣದ ಬಿಲ್ಲೆಯನ್ನು ಆದಿಲಕ್ಷ್ಮಿಯ ಕೈಗೆ ಕೊಟ್ಟು ಅವರು ಹೇಳಿದ್ದು ಇಷ್ಟು: "ಅಕ್ಕ, ಇದನ್ನ ಇನ್ನೂ ಒಳಕ್ಕೆ ಕೊಯ್ಯಬೇಕು. ಈಗ ಬೇಡ. ನಾಳೆ ಬೆಳಿಗ್ಗೆ, ಕೈ ದಣಿಯೋಕ್ಕೆ ಮೊದಲು."

ಆದಿಲಕ್ಷ್ಮಿಯವರ ಮನೆ ಕೆಲಮಂಗಲದಲ್ಲಿ. ಗಂಡ ರವಿಕುಮಾರ್ ಮಾಗಡಿ ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತವರು. ಆ ಸಂಜೆ ಆದಿಲಕ್ಷ್ಮಿ ದಿನದಂತೆ ಡೆಂಕಣಿಕೋಟೆಯ ಬಸ್ಸು ಹತ್ತಿದರು. ಸಿಕ್ಕ ಸೀಟಿನಲ್ಲಿ ಕೂತಮೇಲೆ ಪಕ್ಕದ ಹೆಂಗಸಿನ ಕಡೆ ನೋಡಿದರು. ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಪಟ್ಟಿ. ಮಡಿಲಲ್ಲಿ ಬಟ್ಟೆಯ ಚೀಲ. ಪಕ್ಕದಲ್ಲಿ ಕಂಬಿ ಹಿಡಿದು ನಿಂತ ಗಂಡ.

"ಯಾವೂರಮ್ಮ?" ಎಂದು ಕೇಳಿದರು ಆದಿಲಕ್ಷ್ಮಿ.

"ನಾಟ್ರಾಂಪಾಳ್ಯ ಕಣಕ್ಕ. ಕಿವಿ ಕೆಳಗೆ ಗಂಟಿತ್ತು, ತೆಗ್ದುಬುಟ್ರು," ಎಂದರು ಆಕೆ. ಬಾಯಿ ಪೂರ್ತಿ ತೆರೆಯಲು ಆಗದೆ ಮಾತು ಒಂದು ಪಕ್ಕದಿಂದ ಬರುತ್ತಿತ್ತು. ಮನೆಗೆ ಹೋಗುತ್ತಿರುವ ಸಂತೋಷ ಮುಖದಲ್ಲಿತ್ತು.

"ರಿಪೋರ್ಟು?"

ಉತ್ತರ ಕೊಟ್ಟದ್ದು ಗಂಡ ಮರಿಸ್ವಾಮಿ. "ವಾರ ಬುಟ್ಟು ಬಾ ಅಂದವ್ರೆ. ಯಾತಕ್ಕೆ ಬರೋದು? ಗಂಟೇ ಹೋಯ್ತಲ್ಲ. ರಾಗಿ ಕುಯ್ಲಿಗೆ ಬಂದೈತೆ. ನಾವಿಲ್ಲ ಅಂದ್ರೆ ಆನೆ ಬಂದು ತಿಂದು ಹೋಗ್ಬುಡ್ತದೆ. ಇನ್ನ ಬರಾಕಿಲ್ಲ."

ಆದಿಲಕ್ಷ್ಮಿ ಆಕೆಯ ಹೆಸರು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಊರು, ವಯಸ್ಸು, ಕಿವಿಯ ಕೆಳಗಿನ ಪಟ್ಟಿ ಎಲ್ಲ ಸೇರಿ ಗೊತ್ತಾಗಿತ್ತು. ಆ ಬಿಲ್ಲೆ ಮೇಜಿನ ಮೇಲಿದೆ. ಅದರೊಳಗೆ ಏನಿದೆ ಎಂದು ಅವರಿಗೂ ತಿಳಿಯದು, ಡಾಕ್ಟರಿಗೂ ಇನ್ನೂ ತಿಳಿಯದು. ತಿಳಿದಿದ್ದರೂ ಹೇಳುವಂತಿಲ್ಲ. ಅಲ್ಲಿ ಏನಾದರೂ ಇದ್ದು, ಇವರು ಕಾಡಿನೊಳಗೆ ಹೋಗಿಬಿಟ್ಟರೆ ಹುಡುಕಿ ತರುವವರು ಯಾರು? ಆ ಊರಲ್ಲಿ ಫೋನು ಹತ್ತುವುದೇ ಅಪರೂಪ.

"ಹೇಳಂಗಿಲ್ಲ, ಬಿಡಂಗೂ ಇಲ್ಲ ಕಣಮ್ಮ," ಎಂದು ಆದಿಲಕ್ಷ್ಮಿ ನೆನೆಯುತ್ತಾರೆ. "ಕೆಲಮಂಗಲ ಬರೋಗಂಟ ಅದೇ ಯೋಚ್ನೆ. ಬಸ್ಸು ನಿಂತ್ಮೇಲೆ ಆಕೆ ಚೀಲ ನಾನು ಎತ್ಕೊಂಡ್ಬುಟ್ಟೆ. ಇಳೀರಿ, ನಮ್ಮನೇಲಿ ಇರಿ, ರಿಪೋರ್ಟು ಇಸ್ಕೊಂಡೇ ಹೋಗೀರಂತೆ ಅಂದೆ."

ಬಸ್ಸಿನವರೆಲ್ಲ ನೋಡುತ್ತಿದ್ದರು. ಕಂಡಕ್ಟರ್ ತಮಿಳಿನಲ್ಲಿ ಬೇಗ ಬೇಗ ಎಂದು ಕೂಗುತ್ತಿದ್ದ. ಮರಿಸ್ವಾಮಿ ಚೀಲಕ್ಕೆ ಕೈ ಹಾಕಿದರು. "ಯಾರಮ್ಮ ನೀವು?"

"ಅದೇ ಆಸ್ಪತ್ರೇಲಿ ಕೆಲಸ ಮಾಡ್ತೀನಿ."

"ಏನಾದ್ರೂ ಐತಾ ಅದ್ರಲ್ಲಿ?"

"ಐತೆ ಅಂತಾನೂ ನಾನು ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲಣ್ಣ. ಇರಿ ಅಂತೀನಿ, ಅಷ್ಟೆ."

ಮರಿಸ್ವಾಮಿ ಹೆಂಡತಿಯನ್ನು ನೋಡಿದರು. ಚೆಲುವಮ್ಮನೇ ಮೊದಲು ಎದ್ದರು. "ಕತ್ತು ನೋಯ್ತಾ ಐತೆ. ಅಂಚೆಟ್ಟಿ ರಸ್ತೇಲಿ ಕುಲುಕಾಟ ನಂಗಾಗಾಕಿಲ್ಲ. ಇಳಿಯಾಣ," ಎಂದರು.

ಮನೆಯಲ್ಲಿ ಅತ್ತೆ ಪಾರ್ವತಮ್ಮ ಯಾರು ಏನು ಎಂದು ಕೇಳಲಿಲ್ಲ. ಪಟ್ಟಿ ನೋಡಿ ಹಾಸಿಗೆ ಬಿಡಿಸಿದರು. ಸೊಸೆಯ ಕೆಲಸ ಆ ಅತ್ತೆಗೆ ಇವತ್ತಿಗೂ ಒಗ್ಗಿಲ್ಲ. ಆಸ್ಪತ್ರೆಯಿಂದ ಬಂದವಳು ತಲೆಗೆ ನೀರು ಹಾಕಿಕೊಳ್ಳದೆ ಒಲೆಯ ಹತ್ತಿರ ಬರಕೂಡದು ಎಂಬ ಕಟ್ಟು ಈಗಲೂ ಇದೆ. ಆದರೆ ನೆಂಟರಾಗಿ ಬಂದ ಕಾಯಿಲೆಯವಳಿಗೆ ಗಂಜಿ ಕಾಯಿಸಿ ಕುಡಿಸಿದ್ದು ಅವರೇ. ಪಾಳಿ ಮುಗಿಸಿ ಬಂದ ರವಿಕುಮಾರ್ ಮರಿಸ್ವಾಮಿಯ ಪಕ್ಕ ಜಗಲಿಯಲ್ಲೇ ಮಲಗಿದರು.

ಮರುದಿನ ಬೆಳಿಗ್ಗೆ ಆದಿಲಕ್ಷ್ಮಿ ಮೊದಲ ಬಸ್ಸಿಗೆ ಹೋದರು. ಬೇರೆ ಬಿಲ್ಲೆ ಯಾವುದನ್ನೂ ಮುಟ್ಟಲಿಲ್ಲ. ಚೆಲುವಮ್ಮನ ಬಿಲ್ಲೆಯನ್ನು ಐಸಿನ ಮೇಲಿಟ್ಟು ಹೊಸ ಬ್ಲೇಡು ಹಾಕಿದರು. ಬಿಲ್ಲೆಯಲ್ಲಿ ಉಳಿದಿದ್ದ ತುಣುಕು ಕಿರುಬೆರಳ ಉಗುರಿನಷ್ಟು ಅಗಲ, ದಪ್ಪ ಉಗುರಿನ ದಪ್ಪಕ್ಕಿಂತ ಸ್ವಲ್ಪವೇ ಹೆಚ್ಚು. ಯಂತ್ರಕ್ಕೆ ಮತ್ತೆ ಸಿಕ್ಕಿಸುವಾಗ ಮಗ್ಗುಲು ಒಂದಿಷ್ಟು ವಾಲಿದರೂ ಮೊದಲ ಸುತ್ತುಗಳಲ್ಲೇ ಬೇಕಾದದ್ದು ಹೆರೆದು ಹೋಗುತ್ತದೆ. ಹೋದ ಪದರವನ್ನು ವಾಪಸು ತರಲಾಗುವುದಿಲ್ಲ. ಬೆಂಗಳೂರಿಗೆ ಕಳಿಸಬೇಕಾದ ಇನ್ನೊಂದು ಬಗೆಯ ಬಣ್ಣದ ಪರೀಕ್ಷೆಗೂ ಕೆಲವು ಪದರ ಉಳಿಸಬೇಕಿತ್ತು.

"ಬೇರೆ ದಿನ ಆಗಿದ್ರೆ ಮೊದಲ ನಾಕು ಪದರ ಬಿಸಾಕ್ತೀನಿ. ಆವತ್ತು ಒಂದನ್ನೂ ಬಿಸಾಕ್ಲಿಲ್ಲ," ಎನ್ನುತ್ತಾರೆ ಅವರು. "ಮನೇಲಿ ಆಕೆ ಮಲ್ಗವ್ಳೆ, ಇಲ್ಲಿ ನಾನು ಆಕೇನ ಕೊಯ್ತಾ ಇದ್ದೀನಿ ಅನ್ನಿಸ್ತು. ಅಂಗೆಲ್ಲ ಯೋಚ್ನೆ ಮಾಡ್ಬಾರ್ದು. ಪದರ ಹರಿದೋಗ್ತದೆ."

ನಡುವೆ ಕರೆಂಟು ಹೋಯಿತು. ಚಕ್ರ ಕೈಯಿಂದ ತಿರುಗುವಂಥದು, ಅದಕ್ಕೆ ತೊಂದರೆಯಿಲ್ಲ. ಆದರೆ ಪದರ ತೇಲಿಬಿಡುವ ನೀರು ತಣ್ಣಗಾದರೆ ಸುಕ್ಕು ಬಿಡಿಸಿಕೊಳ್ಳುವುದಿಲ್ಲ. ಜನರೇಟರ್ ಎಂದಿನಂತೆ ತಡವಾಯಿತು. ಕುಡಿಯಲು ಮನೆಯಿಂದ ಫ್ಲಾಸ್ಕಿನಲ್ಲಿ ತಂದಿದ್ದ ಬಿಸಿನೀರನ್ನು ಅವರು ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಸುರಿದು, ಬೆರಳದ್ದಿ ಹದ ನೋಡುತ್ತಾ ಕೊಯ್ದರು. ಒಂದೊಂದು ಗಾಜಿಗೂ ಯಾವ ಆಳದ್ದೆಂದು ಗುರುತು ಹಾಕಿ, ಬಣ್ಣ ಕಟ್ಟಿ, ತಟ್ಟೆಯಲ್ಲಿಟ್ಟು ಪಕ್ಕದ ಕೋಣೆಗೆ ಕೊಟ್ಟು ಬಂದರು. ಆಮೇಲೆ ಉಳಿದವರ ಬಿಲ್ಲೆಗಳಿಗೆ ಕೂತರು.

ಊಟದ ಹೊತ್ತಿಗೆ ಡಾಕ್ಟರ್ ಕರೆದರು. ಅವರ ಸೂಕ್ಷ್ಮದರ್ಶಕಕ್ಕೆ ಎದುರಿನಿಂದ ನೋಡಲು ಇನ್ನೊಂದು ಜೋಡಿ ಕಣ್ಣಿದೆ. "ಬನ್ನಿ ಅಕ್ಕ, ನೀವು ಕೊಯ್ದದ್ದು ನೋಡಿ," ಎಂದರು.

ಆದಿಲಕ್ಷ್ಮಿ ನೋಡಿದರು. ನಡುವೆ ಗುಲಾಬಿ ಬಣ್ಣದ ಒಂದು ದುಂಡು. ಅದು ನರ, ಅಡ್ಡ ಕೊಯ್ದದ್ದು. ಅದರ ಸುತ್ತ ಕಡುನೀಲಿ ಚುಕ್ಕೆಗಳು ಒತ್ತೊತ್ತಾಗಿ, ನಡುನಡುವೆ ತೂತುಗಳನ್ನಿಟ್ಟುಕೊಂಡು ತಬ್ಬಿಕೊಂಡಿದ್ದವು. "ಗೂಟಕ್ಕೆ ಅವರೆಬಳ್ಳಿ ಸುತ್ಕೊಂಡಂಗಿತ್ತು. ನೋಡಕ್ಕೆ ಚೆಂದಾಗಿತ್ತು ಕಣಮ್ಮ. ಅದೇ ಬೇಜಾರು," ಎನ್ನುತ್ತಾರೆ.

ವರ್ಷಗಟ್ಟಲೆ ಸುಮ್ಮನಿದ್ದ ಗಂಟಿನ ಒಂದು ಮೂಲೆಯಲ್ಲಿ ಕ್ಯಾನ್ಸರ್ ಹುಟ್ಟಿಕೊಂಡಿತ್ತು. ನರದ ಜಾಡು ಹಿಡಿದು ನಿಧಾನವಾಗಿ ಸಾಗುವ ಜಾತಿ ಅದು. ವೈದ್ಯರು ಅದನ್ನು ಅಡಿನಾಯ್ಡ್ ಸಿಸ್ಟಿಕ್ ಎನ್ನುತ್ತಾರೆ. ಗಂಟು ತೆಗೆದರೂ ಕಣ್ಣಿಗೆ ಕಾಣದ ಎಳೆಗಳು ನರದ ಗುಂಟ ಉಳಿದಿರಬಹುದು. ಬೆಂಗಳೂರಿನಲ್ಲಿ ವಿಕಿರಣ ಚಿಕಿತ್ಸೆ ಆಗಲೇಬೇಕು, ತಡಮಾಡುವಂತಿಲ್ಲ.

"ಆಕೆ ನಮ್ಮನೇಲವ್ಳೆ ಮೇಡಂ," ಎಂದರು ಆದಿಲಕ್ಷ್ಮಿ.

ಡಾಕ್ಟರ್ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. ಆಮೇಲೆ, "ಇಟ್ಕೊಳ್ಳಿ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಸರ್ಜನ್ ಜೊತೆ ಕೂತು ನಾನೇ ಹೇಳ್ತೀನಿ. ನೀವು ಮಾತ್ರ ಬಾಯಿ ಬಿಡ್ಬೇಡಿ. ಅರ್ಧಂಬರ್ಧ ಕೇಳಿದ್ರೆ ಹೆದರಿ ಊರಿಗೆ ಹೋಗಿಬಿಡ್ತಾರೆ," ಎಂದರು.

ಆ ಸಂಜೆಯಷ್ಟು ಉದ್ದದ ಸಂಜೆಯನ್ನು ಆದಿಲಕ್ಷ್ಮಿ ಕಂಡಿಲ್ಲ. ಮನೆಗೆ ಬಂದಾಗ ಚೆಲುವಮ್ಮ ಪಾರ್ವತಮ್ಮನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಂಗನಬಾವಿಗೆ ಬಂಗಾರದ ಸರ ಹಾಕಿಕೊಂಡ ಕಥೆ ಹೇಳಿ ಒಂದೇ ಪಕ್ಕದಿಂದ ನಗುತ್ತಿದ್ದರು. ಆದಿಲಕ್ಷ್ಮಿ ಬಚ್ಚಲಿಗೆ ಹೋದವರು ಬೇಗ ಬರಲಿಲ್ಲ. ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಬಾಯಿ ತೆರೆಯಲಾಗದ ಚೆಲುವಮ್ಮನಿಗೆ ಆದಿಲಕ್ಷ್ಮಿ ಸಣ್ಣ ಸಣ್ಣ ತುತ್ತು ಮಾಡಿಕೊಟ್ಟರು.

"ಅಕ್ಕ, ನೀವು ಆಸ್ಪತ್ರೇಲಿ ಏನ್ ಕೆಲಸ ಮಾಡ್ತೀರ?" ಎಂದು ಕೇಳಿದರು ಚೆಲುವಮ್ಮ.

"ಗಾಜಿನ ಕೆಲಸ."

"ತೊಳೆಯೋದಾ?"

"ತೊಳೀತೀನಿ, ಒರೆಸ್ತೀನಿ, ಎಲ್ಲಾನೂ."

ಜಗಲಿಯಲ್ಲಿ ಮರಿಸ್ವಾಮಿ ಊಟ ಮುಗಿಸಿ ಆದಿಲಕ್ಷ್ಮಿಯ ಮುಖವನ್ನೇ ನೋಡುತ್ತಿದ್ದರು. ತಮಗೆ ಆಗಲೇ ಗೊತ್ತಾಗಿತ್ತು ಎಂದು ಈಗ ಹೇಳುತ್ತಾರೆ. "ಆಯಮ್ಮ ನನ್ನ ಕಡೆ ತಿರುಗ್ಲೇ ಇಲ್ಲ. ಒಳ್ಳೇ ಸುದ್ದಿ ಆಗಿದ್ರೆ ತಿರುಗ್ತಿದ್ರು."

ಬೆಳಿಗ್ಗೆ ಮೂವರೂ ಒಂದೇ ಬಸ್ಸಿನಲ್ಲಿ ಹೋದರು. ಡಾಕ್ಟರ ಕೋಣೆಯ ಬಾಗಿಲು ಬಹಳ ಹೊತ್ತು ಮುಚ್ಚಿತ್ತು. ಆದಿಲಕ್ಷ್ಮಿ ತಮ್ಮ ಕೋಣೆಯಲ್ಲಿ ಚಕ್ರ ತಿರುಗಿಸುತ್ತಿದ್ದರು. ಒಂದಾದ ಮೇಲೊಂದು ಪದರ ಹರಿದುಹೋಗುತ್ತಿತ್ತು. ಕಡೆಗೆ ಚಕ್ರದಿಂದ ಕೈ ತೆಗೆದರು. ಹೊರಗಿನವರು ಯಾರೂ ಬಾರದ ಆ ಕೋಣೆಯ ಬಾಗಿಲಿಗೆ ಚೆಲುವಮ್ಮ ಬಂದು ನಿಂತರು. ಮೂಗಿಗೆ ಸೆರಗು ಹಿಡಿದಿದ್ದರು.

"ನಿಮಗೆ ನಿನ್ನೇನೇ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ತುತ್ತು ಮಾಡಿ ಕೊಡೋವಾಗ್ಲೂ?"

"ಹೂಂ."

ಚೆಲುವಮ್ಮ ಮೇಜಿನ ಮೇಲಿದ್ದ ಗಾಜುಗಳನ್ನು ನೋಡಿದರು. ಅವರಿಗೆ ಅಳು ಬರಲಿಲ್ಲ ಎಂದು ಆದಿಲಕ್ಷ್ಮಿ ಹೇಳುತ್ತಾರೆ. ಅಳು ಬಂದದ್ದು ತಮಗೇ. "ಹೇಳ್ದೇ ಇದ್ದಿದ್ದು ಒಳ್ಳೇದಾಯ್ತು. ಒಂದು ರಾತ್ರಿ ನಿದ್ದೆ ಮಾಡ್ದೆ," ಎಂದು ಹೇಳಿ ಚೆಲುವಮ್ಮ ಗಂಡನ ಬಳಿಗೆ ಹೋದರು.

ಬೆಂಗಳೂರಿನಲ್ಲಿ ವಾರಗಟ್ಟಲೆ ವಿಕಿರಣ ಚಿಕಿತ್ಸೆ ನಡೆಯಿತು. ಅಲ್ಲಿಯ ಪರೀಕ್ಷೆಯೂ ಅದೇ ಕಾಯಿಲೆ ಎಂದಿತು. ಕೆನ್ನೆ ಸುಟ್ಟು ಕಪ್ಪಾಯಿತು, ನಾಲಿಗೆಗೆ ರುಚಿ ಹೋಯಿತು. ನಾಟ್ರಾಂಪಾಳ್ಯದಲ್ಲಿ ಮರಿಸ್ವಾಮಿಯ ತಮ್ಮ ದಾಸಪ್ಪ ಹೊಲ ಕಾದರೂ ಅರ್ಧ ರಾಗಿ ಆನೆಯ ಪಾಲಾಯಿತು. ವಾರದ ಕೊನೆಗೆ ರಜೆ ಸಿಕ್ಕಾಗ ದಂಪತಿ ಊರಿನವರೆಗೆ ಹೋಗಲಾಗದೆ ಕೆಲಮಂಗಲದಲ್ಲೇ ಇಳಿಯುತ್ತಿದ್ದರು. ಪಾರ್ವತಮ್ಮ ಗಂಜಿ ಕಾಯಿಸುತ್ತಿದ್ದರು.

ಈಗ ಚೆಲುವಮ್ಮ ಹೊಲಕ್ಕೆ ಹೋಗುತ್ತಾರೆ. ತುಟಿಯ ಎಡತುದಿ ಸ್ವಲ್ಪ ಜಗ್ಗುತ್ತದೆ. ಬಾಯಿ ಒಣಗುತ್ತದೆಂದು ನೀರಿನ ಬಾಟಲಿ ಸದಾ ಕೈಯಲ್ಲಿ. ಕೆಲವು ತಿಂಗಳಿಗೊಮ್ಮೆ ತಪಾಸಣೆಗೆ ಹೊಸೂರಿಗೆ ಬರುತ್ತಾರೆ. ಬಂದಾಗ ಹಿಂದಿನ ಕೋಣೆಯ ಕಿಟಕಿಗೆ ಹೋಗಿ ಹುಣಸೆಹಣ್ಣಿನ ಪೊಟ್ಟಣ ಕೊಟ್ಟು ಹೋಗುತ್ತಾರೆ. ಈ ಬರಹಕ್ಕೆ ಹೆಸರು ಬದಲಿಸಲೇ ಎಂದು ಕೇಳಿದೆ. "ಯಾಕೆ? ನನ್ನ ಹೆಸರೇ ಹಾಕಿ. ಗಂಟು ಮುಚ್ಕೊಂಡು ಕುಂತಿರೋರು ಯಾರಾದ್ರೂ ಓದ್ಲಿ, ಓದಕ್ಕೆ ಬರ್ದೇ ಇರೋರಿಗೆ ಓದಿ ಹೇಳ್ಲಿ," ಎಂದರು.

ಇದಾದ ಮೇಲೆ ಆದಿಲಕ್ಷ್ಮಿಯ ಬದುಕಿನಲ್ಲಿ ಏನಾದರೂ ಬದಲಾಯಿತೇ? ಇಲ್ಲ. ಕೋಣೆ ಅದೇ, ಬಸ್ಸು ಅದೇ. ಭುಜದ ನೋವು ಜಾಸ್ತಿಯಾಗಿದೆ. ರಿಪೋರ್ಟು ಬರುವವರೆಗೆ ದೂರದ ಊರಿನವರು ಉಳಿಯಲು ಆಸ್ಪತ್ರೆಯಲ್ಲೊಂದು ಕೋಣೆ ಕೊಡಿ ಎಂದು ಡಾಕ್ಟರ್ ಕೇಳಿದ್ದಾರೆ. ಅದು ಇನ್ನೂ ಆಗಿಲ್ಲ. ತುಣುಕು ಬರುವ ಬಾಟಲಿಯ ಮೇಲಿನ ಹೆಸರು ಓದುವಾಗ ಈಗ ಹೆಚ್ಚು ಹೊತ್ತು ಹಿಡಿಯುತ್ತದೆ ಎನ್ನುತ್ತಾರೆ ಅವರು. "ಮೊದ್ಲು ಬರೀ ಹೆಸರಾಗಿತ್ತು. ಈಗ ಯಾರ ಮನೇಲಿ ಯಾರು ಕಾಯ್ತಾವ್ರೋ ಅನ್ನಿಸ್ತದೆ. ಸುಸ್ತಾಗೋದು ಅದಕ್ಕೇನೇ."

ಮಧ್ಯಾಹ್ನ ಬಿಲ್ಲೆಗಳ ತಟ್ಟೆ ಖಾಲಿಯಾದ ಮೇಲೆ ಅವರು ಗೋಡೆಯ ಬೀರು ತೆರೆಯದೆ ಅದರ ಮುಂದೆ ನಿಲ್ಲುತ್ತಾರೆ. ಕೊಯ್ದ ಗಾಜುಗಳನ್ನೆಲ್ಲ ವರ್ಷವಾರು ಜೋಡಿಸಿಟ್ಟಿರುವುದು ಅಲ್ಲಿ. ನಾನು ಕೇಳಿದ್ದಕ್ಕೆ ಬಾಗಿಲು ತೆಗೆದು, ಒಂದು ಖಾನೆ ಎಳೆದು, ಚೆಲುವಮ್ಮನ ಗಾಜನ್ನು ಅಂಚು ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಾರೆ. ನಡುವೆ ಉಗುರಿನಷ್ಟು ಗುಲಾಬಿ, ಅದರಲ್ಲಿ ನೀಲಿಯ ಒಂದು ಅಂಚು. ಒಂದು ಸುಕ್ಕೂ ಇಲ್ಲ.

"ಚೆನ್ನಾಗಿ ಬಂದೈತೆ, ಅಲ್ವಾ?" ಎಂದು ಕೇಳುತ್ತಾರೆ. ಅವರ ದನಿಯಲ್ಲಿ ಹೆಮ್ಮೆ ಕೇಳಿಸಿದ್ದು ಅದೊಂದೇ ಸಲ. ಈ ಜಾತಿಯ ಕಾಯಿಲೆ ಹತ್ತು ವರ್ಷದ ಮೇಲೂ ಮರಳಬಹುದು. ಮರಳಿದರೆ ಹೊಸ ತುಣುಕಿನ ಪಕ್ಕದಲ್ಲಿಟ್ಟು ನೋಡಲು ಡಾಕ್ಟರು ಮೊದಲು ಕೇಳುವುದು ಈ ಹಳೆಯ ಗಾಜನ್ನೇ.

ನಿಮಗೇನು ಆಸೆ ಎಂದು ನಾನು ಬೆಳಿಗ್ಗೆಯಿಂದ ಎರಡು ಮೂರು ಸಲ ಕೇಳಿದ್ದೆ. ಆಗೆಲ್ಲ ಅವರು ಮುಂದಿನ ಬಿಲ್ಲೆ ಎತ್ತಿಕೊಂಡಿದ್ದರು. ಈಗ ಗಾಜನ್ನು ಅದರ ಜಾಗಕ್ಕೆ ಸೇರಿಸಿ, ಖಾನೆ ತಳ್ಳಿ, ಬೀರುವಿನ ಬಾಗಿಲು ಮುಚ್ಚುತ್ತಾರೆ.

"ಇದನ್ನ ಯಾರೂ ಕೇಳ್ಕೊಂಡು ಬರ್ಬಾರ್ದು ಕಣಮ್ಮ. ಇಲ್ಲೇ ಧೂಳು ಹಿಡ್ಕೊಂಡು ಬಿದ್ದಿರ್ಲಿ."